ಇಪ್ಪತ್ಮೂರು ಜನಕ್ಕೆ ಒಂದೇ ನಂಬರು

ಕಳ್ಳ ಫೋನ್ ಮಾಡಿದಾಗ ನಾನು ಸತ್ತವನೊಬ್ಬನ ಬೆಡ್‌ಶೀಟು ಉಜ್ಜುತ್ತಿದ್ದೆ.

ನಮ್ಮದು ಆಸ್ಪತ್ರೆಯ ಲಾಂಡ್ರಿ. ನೆಲದ ಕೆಳಗೆ, ಕಿಟಕಿಯಿಲ್ಲದ ಹಾಲ್. ಮೇಲಿನ ಆರು ಮಹಡಿಗಳಲ್ಲಿ ಜನ ಹುಟ್ಟುತ್ತಾರೆ, ಸಾಯುತ್ತಾರೆ, ಕಾರಿಕೊಳ್ಳುತ್ತಾರೆ. ಅದೆಲ್ಲ ಗಂಟು ಕಟ್ಟಿಸಿಕೊಂಡು ಒಂದು ತಗಡಿನ ಕೊಳವೆಯಲ್ಲಿ ಜಾರಿ ಬಂದು ನಮ್ಮ ಮುಂದೆ ದೊಪ್ಪೆಂದು ಬೀಳುತ್ತದೆ. ಗಂಟು ಬಿಚ್ಚುವವರು ನಾವು. ಮೆಷಿನ್ನಿಗೆ ಹಾಕುವ ಮುಂಚೆ ರಕ್ತವನ್ನು ಕೈಯಲ್ಲೇ ಉಜ್ಜಿ ತೆಗೆಯಬೇಕು, ಯಾಕೆಂದರೆ ಮೆಷಿನ್ನು ಬೆಲೆಬಾಳುವಂಥದ್ದು. ಗಂಟಿನಲ್ಲಿ ಸೂಜಿ ಸಿಗುತ್ತದೆ, ಹಲ್ಲು ಸಿಗುತ್ತದೆ, ಒಮ್ಮೆ ಒಂದು ಕಾಲ್ಬೆರಳು ಸಿಕ್ಕಿತ್ತು. ನನ್ನ ಪಕ್ಕದಲ್ಲಿ ಉಜ್ಜುವ ಗುಂಡಕ್ಕ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲಕ್ಕೆ ಕಳಿಸಿದಳು. ಮೇಲಿನವರು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಹನ್ನೊಂದು ವರ್ಷ ಸೋಡಾಪುಡಿಯ ಬಿಸಿನೀರಿನಲ್ಲಿ ಕೈ ಅದ್ದಿ ನನ್ನ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ. ಸವೆದ ಸೋಪಿನ ಚೂರಿನಂತೆ ನುಣ್ಣಗಾಗಿವೆ. ಚಳಿಗಾಲದಲ್ಲಿ ಒಡೆದು ರಕ್ತ ಬರುತ್ತದೆ. ಬೆಡ್‌ಶೀಟಿನ ಮೇಲಿನ ರಕ್ತ ರೋಗಿಯದೋ ನಮ್ಮದೋ ಅಂತ ಆಗ ಗೊತ್ತಾಗುವುದಿಲ್ಲ, ಎರಡನ್ನೂ ನಾವೇ ಒಗೆಯುತ್ತೇವೆ. ಗ್ಲೌಸು ಕೇಳಿದರೆ ಆರ್ಡರ್ ಹೋಗಿದೆ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಆ ಆರ್ಡರ್ ನಡೆದುಕೊಂಡೇ ಹೋಗುತ್ತಿರಬೇಕು.

ಫೋನು ಹೊಡೆದುಕೊಂಡಿತು. ಕೈ ತುಂಬ ನೊರೆ. ಗುಂಡಕ್ಕ ಫೋನನ್ನು ನನ್ನ ಕಿವಿಗೆ ಹಿಡಿದಳು.

"ನಮಸ್ಕಾರ ಮೇಡಂ. ತಿಂಡಿ ಆಯ್ತಾ? ನಾನು ಬ್ಯಾಂಕಿಂದ ಮಾತಾಡ್ತಿದ್ದೀನಿ."

ಮೇಡಂ ಅಂದದ್ದು ಕೇಳಿ ಹಿಂದೆ ತಿರುಗಿ ನೋಡಿದೆ, ಯಾವ ಡಾಕ್ಟರಮ್ಮ ಇಳಿದು ಬಂದಳೋ ಅಂತ. ಯಾರೂ ಇರಲಿಲ್ಲ. ಮೇಡಂ ನಾನೇ.

"ನಿಮ್ಮ ಕಾರ್ಡು ಇವತ್ತು ಬ್ಲಾಕ್ ಆಗುತ್ತೆ ಮೇಡಂ. ಗಾಬರಿ ಆಗಬೇಡಿ, ನಾನಿದ್ದೀನಿ. ಕಾರ್ಡಿನ ಮೇಲಿರೋ ಉದ್ದದ ನಂಬರ್ ಸ್ವಲ್ಪ ಓದಿ."

"ಕಾರ್ಡು ನನ್ನ ಹತ್ರ ಇಲ್ಲ."

"ಮನೇಲಿದೆಯಾ?"

"ಸೂಪರ್‌ವೈಸರ್ ಜೇಬಲ್ಲಿದೆ."

"ಪರವಾಗಿಲ್ಲ. ಪಿನ್ ನಂಬರ್ ನೆನಪಿದೆಯಾ? ನಾಲ್ಕು ಅಂಕಿಯದು?"

"ಅದು ಯಾರಿಗೆ ನೆನಪಿಲ್ಲ? ಎಂಟು ಸೊನ್ನೆ ಮೂರು ಆರು. ನಮ್ಮ ಸಾರ್ ಬೈಕಿನ ನಂಬರು. ಲಾಂಡ್ರಿಯ ಇಪ್ಪತ್ಮೂರು ಜನಕ್ಕೂ ಅದೇ."

"ಏನು? ಇಪ್ಪತ್ಮೂರು ಜನಕ್ಕೂ?"

"ಒಂದೇ ಇದ್ರೆ ಅವರಿಗೆ ಸುಲಭ ಅಲ್ವಾ."

"ಮೇಡಂ, ಈಗ ನಿಮ್ಮ ಫೋನಿಗೆ ಒಂದು ಮೆಸೇಜ್ ಬರುತ್ತೆ..."

"ಬರಲ್ಲ. ಬ್ಯಾಂಕಿನ ಮೆಸೇಜೆಲ್ಲ ಅವರ ಫೋನಿಗೇ ಹೋಗೋದು."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. ಆಮೇಲೆ ಅವನ ದನಿಯೇ ಬದಲಾಯಿತು. "ಅಮ್ಮಾ, ಹಾಗಾದ್ರೆ ನಿಮ್ಮ ಸಂಬಳ ತೆಗೆಯೋದು ಯಾರು?"

"ಅವರೇ. ತೆಗೆದು ಕೈಗೆ ಕೊಡ್ತಾರೆ. ಸೋಪಿಗೆ ಅಂತ, ಒಡೆದ ಬಕೆಟ್ಟಿಗೆ ಅಂತ, ಬ್ಯಾಂಕಿಗೆ ಹೋಗಿಬಂದ ಪೆಟ್ರೋಲಿಗೆ ಅಂತ ಹಿಡ್ಕೋತಾರೆ. ಮೂರರಲ್ಲಿ ಒಂದು ಪಾಲು ಹೋಗುತ್ತೆ."

"ಪ್ರತಿ ತಿಂಗಳು?"

"ಐದು ವರ್ಷದಿಂದ."

"ಅಯ್ಯೋ ನಿನ್ನ ಮನೆ ಹಾಳಾಗ!" ಅಂದ. ನನಗಲ್ಲ, ನಮ್ಮ ಸಾರ್‌ಗೆ. "ನಾನು ದಿನಕ್ಕೆ ಇನ್ನೂರು ಫೋನ್ ಮಾಡ್ತೀನಿ ಅಮ್ಮಾ. ನನ್ನ ಅಮ್ಮ, ಅಕ್ಕ, ಅಜ್ಜಿ ಎಲ್ಲರನ್ನೂ ಎತ್ತಿ ಬೈತಾರೆ. ಗಂಟಲು ಹರಿದುಕೊಂಡ್ರೂ ಇಬ್ಬರು ಬೀಳಲ್ಲ. ಆ ಬೇವರ್ಸಿ ಕೂತಲ್ಲೇ ಇಪ್ಪತ್ಮೂರು ಜನರನ್ನ ಹಿಂಡ್ತಾ ಇದ್ದಾನಾ?"

"ನೀವು ಕಳ್ಳರಾ?" ಅಂತ ಕೇಳಿದೆ.

"ಅದನ್ನ ಬಿಡಿ. ನನ್ನ ಮಾತು ಕೇಳಿ. ಪಿನ್ನನ್ನ ಯಾರಿಗೂ ಹೇಳಬಾರದು. ಯಾರಿಗೂ ಅಂದ್ರೆ ಯಾರಿಗೂ. ನೀವೇ ಬ್ಯಾಂಕಿಗೆ ಹೋಗಿ. ಖಾತೇಲಿ ನಿಮ್ಮ ಫೋನ್ ನಂಬರ್ ಹಾಕಿಸಿ. ಹಳೇ ಕಾರ್ಡು ಸಾಯಿಸಿ ಹೊಸದು ತಗೊಳ್ಳಿ. ಜೊತೆಗೆ ಯಾರನ್ನೂ ಕರ್ಕೊಂಡು ಹೋಗಬೇಡಿ. ತಿಳೀತಾ?"

ಫೋನು ಇಟ್ಟ. ನಾನು ನೊರೆಗೈಯಲ್ಲೇ ನಿಂತಿದ್ದೆ. ಗುಂಡಕ್ಕ, "ಏನಂತೆ ಬಜಾರಿ?" ಅಂದಳು. ಬಜಾರಿ ಅಂದರೆ ನಾನು. ನನ್ನ ಬಾಯಿ ಕಂಡು ಲಾಂಡ್ರಿ ಇಟ್ಟ ಹೆಸರು. "ಕಳ್ಳನಂತೆ," ಅಂದೆ, "ನಮ್ಮ ಸಾರ್ ಮೇಲೆ ಹೊಟ್ಟೆ ಉರ್ಕೊಂಡ."

ನಮ್ಮ ಸಾರ್‌ಗೆ ನಾವು ಹಿಂದಿನಿಂದ ಕರೆಯುವುದು ರಬ್ಬರ್‌ಬ್ಯಾಂಡು ಅಂತ. ಇಪ್ಪತ್ಮೂರು ಕಾರ್ಡಿಗೆ ಕೆಂಪು ರಬ್ಬರ್‌ಬ್ಯಾಂಡು ಸುತ್ತಿ ಎದೆಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ. ಸಂಬಳ ಖಾತೆಗೇ ಹಾಕಬೇಕು ಅಂತ ಐದು ವರ್ಷದ ಹಿಂದೆ ನಿಯಮ ಬಂತು. ಬ್ಯಾಂಕಿನವರು ಲಾಂಡ್ರಿಗೇ ಮೆಷಿನ್ ತಂದು ಒಬ್ಬೊಬ್ಬರ ಹೆಬ್ಬೆಟ್ಟು ಇಡಿಸಿದರು. ಹತ್ತು ಸಲ ಒತ್ತಿದರೂ ಮೆಷಿನ್ನಿಗೆ ಬೆರಳು ಸಿಗಲಿಲ್ಲ. ಸಿಗುವುದು ಹೇಗೆ, ಗೆರೆ ಇದ್ದರೆ ತಾನೇ? "ನಿಮ್ಮ ಹೆಬ್ಬೆಟ್ಟು ಸತ್ತಿದೆ ಕಣ್ರೇ, ನಾನು ನೋಡ್ಕೋತೀನಿ ಬಿಡಿ," ಅಂದ ರಬ್ಬರ್‌ಬ್ಯಾಂಡು. ಫಾರಂನಲ್ಲಿ ತನ್ನ ಫೋನ್ ನಂಬರು ಬರೆದ. ಕಾರ್ಡುಗಳು ಬಂದಾಗ ತಾನೇ ಈಸಿಕೊಂಡ. ನಾವು ಕೈಮುಗಿದು ದೊಡ್ಡ ಮನಸ್ಸು ಸಾರ್ ನಿಮ್ಮದು ಅಂದೆವು. ನಾನೂ ಅಂದೆ.

ಅವನು ತಿನ್ನುತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ ಅದನ್ನು ಪದ್ಧತಿ ಅನ್ನುತ್ತಿದ್ದೆವು. ಕಳ್ಳತನ ಅನ್ನುವುದಕ್ಕೆ ಒಬ್ಬ ಕಳ್ಳನೇ ಬರಬೇಕಾಯಿತು.

ಮನೆಗೆ ಹೋಗಿ ಅತ್ತೆಗೆ ಹೇಳಿದೆ. ನಮ್ಮ ಮನೆ ಅಂದರೆ ಒಂದು ಕೋಣೆ, ಎರಡು ಮಂಚ, ನಾನು ಮತ್ತು ಅತ್ತೆ. ಅವಳ ಮಗ, ಅಂದರೆ ನನ್ನ ಗಂಡ, ಹೋಗಿ ಆರು ವರ್ಷವಾಯಿತು. ಸತ್ತಿಲ್ಲ, ಹೋಗಿದ್ದಾನೆ ಅಷ್ಟೆ. ಮಗ ಹೋದರೂ ಸೊಸೆಯನ್ನು ಬಿಡದ ಅತ್ತೆ ಇವಳು. ಅದೇ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಈಗ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಚೀಪುತ್ತಾಳೆ, ಚೀಪುವಾಗ ನನ್ನ ತಟ್ಟೆಯನ್ನೇ ನೋಡುತ್ತಾಳೆ. ನಾನು ಏನಾದರೂ ಕರುಂ ಅಂತ ಕಡಿದರೆ ಅವಳ ದವಡೆಯೂ ಜೊತೆಗೆ ಅಲ್ಲಾಡುತ್ತದೆ. ಅದನ್ನು ನೋಡಿ ನನಗೆ ನಗು ಬರುತ್ತದೆ, ಆಮೇಲೆ ಆ ಕಡೆ ತಿರುಗಿ ಕೂತು ತಿನ್ನುತ್ತೇನೆ.

ಆಸ್ಪತ್ರೆಯ ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಪೂರ್ತಿ ಸೆಟ್ಟಿಗೆ ಇಷ್ಟಾಗುತ್ತದೆ ಅಂತ ಚೀಟಿ ಬರೆದುಕೊಟ್ಟಿದ್ದ. ಆ ಚೀಟಿ ಒಂದು ವರ್ಷದಿಂದ ಕನ್ನಡಿಯ ಸಂದಿಯಲ್ಲಿತ್ತು. ನಮಗೆ ಹೆಚ್ಚಿಸಿದ ಸಂಬಳದ ಬಾಕಿಯೆಲ್ಲ ಒಟ್ಟಿಗೆ ಬರುವ ಶುಕ್ರವಾರ ಖಾತೆಗೆ ಬೀಳುತ್ತದೆ ಅಂತ ನೋಟಿಸು ಹಾಕಿದ್ದರು. ಬಿದ್ದರೆ ಹಲ್ಲು ಬರುತ್ತದೆ. ರಬ್ಬರ್‌ಬ್ಯಾಂಡು ಆಗಲೇ, "ಬಾಕಿ ಮಂಜೂರು ಮಾಡಿಸೋಕೆ ನಾನೆಷ್ಟು ಓಡಾಡಿದೀನಿ ಗೊತ್ತಾ? ಅರ್ಧ ನಂದು," ಅಂತ ಹೇಳಿಟ್ಟಿದ್ದ. ಅರ್ಧಕ್ಕೆ ಮೇಲಿನ ದವಡೆ ಮಾತ್ರ ಬರುತ್ತಿತ್ತು.

ಅತ್ತೆ ಕಳ್ಳನ ಕಥೆ ಕೇಳಿ ಬೊಚ್ಚು ಬಾಯಿ ತೆರೆದು ನಕ್ಕಳು. "ಹಲ್ಲಿದ್ದಿದ್ರೆ ಆ ರಬ್ಬರ್‌ಬ್ಯಾಂಡನ್ನ ಯಾವತ್ತೋ ಕಚ್ತಿದ್ದೆ ಕಣೇ," ಅಂದಳು. "ಕಳ್ಳ ಹೇಳಿದ ಹಾಗೇ ಮಾಡು. ನಿನಗೆ ಒಳ್ಳೇ ಬುದ್ಧಿ ಹೇಳೋಕೆ ಒಳ್ಳೆಯವರು ಇನ್ನೂ ಯಾರೂ ಬಂದಿಲ್ಲ."

ಮಂಗಳವಾರ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಓಡಿದೆ. ಯೂನಿಫಾರ್ಮು ಒದ್ದೆ, ಮೈಯಿಂದ ಫಿನಾಯಿಲ್ ವಾಸನೆ. ಬಾಗಿಲಲ್ಲಿ ಗಾರ್ಡು ಕೈ ಅಡ್ಡ ಹಿಡಿದ. "ಕ್ಲೀನಿಂಗ್ ಹಿಂದಿನ ಬಾಗಿಲಿಂದ," ಅಂದ. ಖಾತೆ ಇದೆ ಅಂದೆ. ನಂಬಲಾರದೆ ಬಿಟ್ಟ. ನನ್ನ ಸರದಿ ಬರುವ ಹೊತ್ತಿಗೆ ನಾನು ನಿಂತ ಜಾಗದಲ್ಲಿ ನೀರು ಇಳಿದು ಸಣ್ಣ ಕೆರೆಯಾಗಿತ್ತು. ಜನ ಅದನ್ನು ದಾಟಿಕೊಂಡು ಹೋಗುತ್ತಿದ್ದರು.

ಕೌಂಟರಿನ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಹೆಬ್ಬೆಟ್ಟಿಡು."

ಇಟ್ಟೆ.

"ಸರಿಯಾಗಿ ಇಡು."

ಒತ್ತಿದೆ. ಮೆಷಿನ್ನು ಕೆಂಪು ದೀಪ ಹಾಕಿ ಕಿರುಚಿತು. ತೋರುಬೆರಳು, ನಡುಬೆರಳು, ಎಡಗೈ, ಬಲಗೈ, ಹತ್ತೂ ಮುಗಿದವು. ಹಿಂದೆ ಸಾಲಿನಲ್ಲಿ ಯಾರೋ ಗೊಣಗಿದರು. ಗುಮಾಸ್ತ ಒಂದು ಬಟ್ಟೆ ತೆಗೆದು, ಔಷಧಿ ಚಿಮುಕಿಸಿ, ನನ್ನ ಬೆರಳು ತಗುಲಿದ ಗಾಜನ್ನು ನನ್ನ ಕಣ್ಣೆದುರೇ ಮೂರು ಸಲ ಒರೆಸಿದ. ಅವನು ಹುಟ್ಟಿದಾಗ ಸುತ್ತಿದ ಬಟ್ಟೆಯನ್ನು ನನ್ನ ಅತ್ತೆಯೇ ಒಗೆದಿರಬಹುದು. ಊರಿಗೆಲ್ಲ ಇರುವುದು ಅದೊಂದೇ ದೊಡ್ಡಾಸ್ಪತ್ರೆ. ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಬೆರಳು ಬರಲ್ಲ. ಖಾತೇಲಿರೋ ನಂಬರಿಗೆ ಫೋನ್ ಮಾಡಿ ಕೇಳ್ತೀನಿ," ಅಂದ. ಬೇಡ ಅನ್ನುವುದರೊಳಗೆ ಮಾಡಿಯೇಬಿಟ್ಟ. ಆ ನಂಬರು ಯಾರದು? ರಬ್ಬರ್‌ಬ್ಯಾಂಡಿನದು. "ಹೌದಾ ಸಾರ್? ಸರಿ ಸಾರ್, ಕಳಿಸ್ತೀನಿ," ಅಂತ ಫೋನಿಟ್ಟು, "ನಿಮ್ಮ ಸೂಪರ್‌ವೈಸರನ್ನೇ ಕರ್ಕೊಂಡು ಬಾ," ಅಂದ. ಮನೆ ದೋಚಿಸಿಕೊಂಡವಳಿಗೆ ಕಳ್ಳನ ಹತ್ತಿರ ಕೀಲಿ ತಗೊಂಡು ಬಾ ಅಂದ ಹಾಗಾಯಿತು.

ವಾಪಸು ಬರುವಷ್ಟರಲ್ಲಿ ರಬ್ಬರ್‌ಬ್ಯಾಂಡು ಮೆಟ್ಟಿಲ ಮೇಲೆ ನಿಂತಿದ್ದ.

"ಏನೇ, ಬ್ಯಾಂಕಿಗೆ ಹೋಗೋ ಶೋಕಿ ಬಂತಾ?"

"ನನ್ನ ಖಾತೆ ಸಾರ್."

"ನಿನ್ನ ಖಾತೆ! ಹೆಬ್ಬೆಟ್ಟೇ ಇಲ್ಲದೋಳಿಗೆ ಖಾತೆ ಬೇರೆ. ನಾನಿಲ್ಲದಿದ್ರೆ ನಿಮ್ಮನ್ನೆಲ್ಲ ಆನ್‌ಲೈನ್ ಕಳ್ಳರು ಮುಕ್ಕಿ ಬಿಡ್ತಿದ್ರು. ಗೊತ್ತಾ?" ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮೆಷಿನ್ನುಗಳು ಗುಡುಗುತ್ತಿದ್ದವು. ಎಲ್ಲರೂ ತಲೆ ತಗ್ಗಿಸಿ ಉಜ್ಜುತ್ತಿದ್ದರು. ಗುಂಡಕ್ಕನೂ ತಗ್ಗಿಸಿದ್ದಳು. ಅದು ನನಗೆ ಅವನ ಮಾತಿಗಿಂತ ಹೆಚ್ಚು ಉರಿಯಿತು.

ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಗುರುವಾರ ಮಧ್ಯಾಹ್ನ ಐದನೇ ಮಹಡಿಯ ಹಾಲಿನಲ್ಲಿ ಬ್ಯಾಂಕು, ಆಸ್ಪತ್ರೆ ಸೇರಿ ಆನ್‌ಲೈನ್ ವಂಚನೆ ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದವು. ಒಂದು ಸಣ್ಣ ನಾಟಕ, ಅದರ ವಿಡಿಯೋ. ನಾಟಕದಲ್ಲಿ ಕಳ್ಳನ ಮಾತಿಗೆ ಮರುಳಾಗಿ ದುಡ್ಡು ಕಳೆದುಕೊಂಡು ಎದೆ ಬಡಿದುಕೊಳ್ಳುವ ದಡ್ಡಿಯೊಬ್ಬಳು ಬೇಕಿತ್ತು. ನರ್ಸುಗಳು ಯಾರೂ ಒಪ್ಪಿರಲಿಲ್ಲ. "ಇವಳಿದ್ದಾಳಲ್ಲ," ಅಂದ ರಬ್ಬರ್‌ಬ್ಯಾಂಡು, "ಇವಳಿಗೆ ನಟಿಸೋದೂ ಬೇಕಿಲ್ಲ."

ವಿಡಿಯೋ ತೆಗೆಯುವ ಹುಡುಗಿ ಬುಧವಾರ ಕೆಳಗೆ ಬಂದಳು. ಮೂಗು ಮುಚ್ಚಿಕೊಂಡಿದ್ದಳು, ಆದರೆ ಕೆಟ್ಟವಳಲ್ಲ. ನನ್ನ ಕೈ ನೋಡಿ, "ಅಬ್ಬಾ, ಎಂಥ ಕೈ!" ಅಂತ ಹತ್ತು ಫೋಟೋ ಹೊಡೆದಳು. ಒಂದು ಹಾಳೆ ಕೊಟ್ಟು ಮಾತು ಹೇಳಿಕೊಟ್ಟಳು. ಕಳ್ಳ ನಂಬರು ಕೇಳುತ್ತಾನೆ. ನಾನು ಹೇಳುತ್ತೇನೆ. ದುಡ್ಡು ಹೋಗುತ್ತದೆ. ನಾನು, "ಅಯ್ಯೋ, ನಾನು ಓದಿಲ್ಲದ ಮೂರ್ಖಳು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂತ ಅಳುತ್ತೇನೆ. ಆಗ ಬ್ಯಾಂಕ್ ಮ್ಯಾನೇಜರು ಬಂದು ಬುದ್ಧಿ ಹೇಳುತ್ತಾರೆ.

"ನಾನು ಏಳನೇ ಕ್ಲಾಸು ಓದಿದೀನಿ," ಅಂದೆ.

"ಪಾತ್ರ ಅಲ್ವಾ ಅಕ್ಕ," ಅಂದಳು.

"ಕಳ್ಳನ ಪಾತ್ರ ಯಾರದು?"

"ನಿಮ್ಮ ಸೂಪರ್‌ವೈಸರ್ ಸಾರೇ ಮಾಡ್ತೀನಿ ಅಂದ್ರು. ಕ್ಯಾಮೆರಾ ಅಂದ್ರೆ ಅವರಿಗೆ ಇಷ್ಟವಂತೆ."

ನಾನು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. "ಮಾಡ್ತೀನಿ ಕಣಮ್ಮ," ಅಂದೆ. ಹನ್ನೊಂದು ವರ್ಷದಲ್ಲಿ ಆ ಕಟ್ಟಡದಲ್ಲಿ ನಾನು ಅಷ್ಟು ಖುಷಿಯಾಗಿ ಯಾವ ಕೆಲಸಕ್ಕೂ ಒಪ್ಪಿರಲಿಲ್ಲ.

ಗುರುವಾರ ನನಗೆ ಹೊಸ ಯೂನಿಫಾರ್ಮು ಕೊಟ್ಟರು. ಹೊಸ ಗ್ಲೌಸೂ ಕೊಟ್ಟರು, ನೀಲಿ ಬಣ್ಣದ್ದು, ಮೊಣಕೈವರೆಗೆ. "ಶೂಟಿಂಗ್ ಆದ್ಮೇಲೆ ವಾಪಸ್ ಕೊಡಬೇಕು," ಅಂದ ಸ್ಟೋರಿನವನು. ಹಾಲಿನಲ್ಲಿ ಎಸಿ ಇತ್ತು. ಗೋಡೆಗೆ ದೊಡ್ಡ ಬ್ಯಾನರು: ನಿಮ್ಮ ಹಣ, ನಿಮ್ಮ ಕೈಯಲ್ಲಿ. ಡಾಕ್ಟರುಗಳು ನಾಲ್ಕೇ ಜನ ಬಂದಿದ್ದರು. ಹಾಲ್ ಖಾಲಿ ಕಾಣಬಾರದು ಅಂತ ನಮ್ಮ ಲಾಂಡ್ರಿಯ ಇಪ್ಪತ್ತೆರಡು ಜನರನ್ನು ಕರೆಸಿದ್ದರು. ಕುರ್ಚಿಗೆ ಮೆತ್ತೆ ಇದ್ದದ್ದರಿಂದ, ಒದ್ದೆ ಬಟ್ಟೆಯವರು ಹಿಂದೆ ನಿಲ್ಲಿ ಅಂದರು. ಮುಂದೆ ಖಾಲಿ ಕುರ್ಚಿಗಳು, ಹಿಂದೆ ಗೋಡೆಗೆ ಒತ್ತಿ ನಿಂತ ನಮ್ಮವರು. ಮೊದಲ ಸಾಲಿನಲ್ಲಿ ಆಸ್ಪತ್ರೆಯ ಯಜಮಾನತಿ ದೊಡ್ಡ ಡಾಕ್ಟರಮ್ಮ, ಪಕ್ಕದಲ್ಲಿ ಬ್ಯಾಂಕ್ ಮ್ಯಾನೇಜರು.

ರಬ್ಬರ್‌ಬ್ಯಾಂಡು ತಲೆ ಬಾಚಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಎದೆಯ ಜೇಬು ಎಂದಿನ ಹಾಗೆ ಉಬ್ಬಿತ್ತು. ಹುಡುಗಿ ಕೈ ಬೀಸಿದಳು. ಕ್ಯಾಮೆರಾದ ಕೆಂಪು ದೀಪ ಹತ್ತಿತು.

"ಹಲೋ!" ಅಂದ ಅವನು, ದನಿ ದಪ್ಪ ಮಾಡಿ. "ನಾವು ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ. ನಿಮ್ಮ ಕಾರ್ಡು ರದ್ದಾಗಲಿದೆ. ಕೂಡಲೇ ನಿಮ್ಮ ರಹಸ್ಯ ನಂಬರನ್ನು ತಿಳಿಸಿ!"

ಹಾಳೆಯಲ್ಲಿ ನನ್ನ ಮಾತು ಬರೆದಿತ್ತು. ಒಂದು ಎರಡು ಮೂರು ನಾಲ್ಕು ಅನ್ನಬೇಕಿತ್ತು. ಹಿಂದೆ ಗೋಡೆಯ ಹತ್ತಿರ ಗುಂಡಕ್ಕ ಕಂಡಳು. ಈ ಸಲ ಅವಳ ತಲೆ ತಗ್ಗಿರಲಿಲ್ಲ.

"ನನ್ನನ್ಯಾಕೆ ಕೇಳ್ತೀರಿ ಸಾರ್?" ಅಂದೆ. "ನಿಮಗೇ ಗೊತ್ತಲ್ಲ."

ಹಾಲಿನಲ್ಲಿ ಯಾರೋ ನಕ್ಕರು. ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ, "ಬರೆದಿದ್ದು ಹೇಳೇ."

"ಎಂಟು ಸೊನ್ನೆ ಮೂರು ಆರು. ನಿಮ್ಮ ಬೈಕಿನ ನಂಬರು. ನೀವೇ ಇಟ್ಟಿದ್ದು. ಕಾರ್ಡೂ ನಿಮ್ಮ ಜೇಬಲ್ಲೇ ಇದೆ ಸಾರ್, ಫೋನ್ ಯಾಕೆ ಮಾಡಿದ್ರಿ? ದುಡ್ಡು ದಂಡ."

ಅವನ ಕೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಹೋದದ್ದನ್ನು ಎಲ್ಲರೂ ನೋಡಿದರು. ಕ್ಯಾಮೆರಾವೂ ನೋಡಿತು.

ಬ್ಯಾಂಕ್ ಮ್ಯಾನೇಜರು ಎದ್ದು ನಿಂತರು. ಅವರು ಮೊದಲು ಹೇಳಿದ್ದೇನು ಗೊತ್ತೇ? "ಅಮ್ಮ, ಅಮ್ಮ, ರಹಸ್ಯ ನಂಬರನ್ನ ಹೀಗೆ ಎಲ್ಲರ ಮುಂದೆ ಹೇಳಬಾರದು!"

"ಎಲ್ಲರಿಗೂ ಗೊತ್ತಿರೋದು ರಹಸ್ಯ ಹೇಗಾಗುತ್ತೆ ಸಾರ್? ಹಿಂದೆ ನಿಂತಿದ್ದಾರಲ್ಲ, ಅವರನ್ನೂ ಕೇಳಿ ನೋಡಿ."

ಅವರು ಕೇಳಿದರು. ಪಾಪ, ಅವರಿಗೆ ಏನು ಬರಲಿದೆ ಅಂತ ಗೊತ್ತಿರಲಿಲ್ಲ. "ಏನಮ್ಮಾ, ನಿಮ್ಮಲ್ಲಿ ಬೇರೆಯವರ ಪಿನ್ ನಂಬರ್ ಯಾರಿಗಾದರೂ ಗೊತ್ತಿದೆಯೇ?"

ಗುಂಡಕ್ಕ ಶುರು ಮಾಡಿದಳು. "ಎಂಟು." ಸೊನ್ನೆಗೆ ಐದಾರು ಜನ ಸೇರಿದರು. ಮೂರಕ್ಕೆ ಎಲ್ಲರೂ. ಆರು ಅನ್ನುವಾಗ ಎಸಿ ಹಾಲ್ ಗುಂಯ್ ಅಂದಿತು. ಮೆಷಿನ್ನಿನ ಗದ್ದಲದಲ್ಲಿ ಮಾತಾಡಿ ಮಾತಾಡಿ ಪಳಗಿದ ಗಂಟಲುಗಳು ಅವು.

ರಬ್ಬರ್‌ಬ್ಯಾಂಡು ಕನ್ನಡಕ ತೆಗೆದ. "ಮೇಡಂ, ಇವರಿಗೆ ತಿಳುವಳಿಕೆ ಇಲ್ಲ. ಇವರ ಒಳ್ಳೇದಕ್ಕೇ ಅಂತ..."

"ಕಟ್ ಮಾಡು, ಆ ಕ್ಯಾಮೆರಾ ಆಫ್ ಮಾಡು," ಅಂದರು ದೊಡ್ಡ ಡಾಕ್ಟರಮ್ಮ. ಹುಡುಗಿ ಆಫ್ ಮಾಡಿದಳು, ನಿಧಾನವಾಗಿ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೋಡಮ್ಮ, ಇದನ್ನೆಲ್ಲ ವಿಚಾರಿಸೋಣ. ಮುಂದಿನ ವಾರ ಒಂದು ಅರ್ಜಿ ಬರೆದು ಕೊಡಿ. ಈಗ ಕೆಳಗೆ ಹೋಗಿ ಕೆಲಸ ನೋಡಿ. ನಾಳೆ ಹನ್ನೆರಡು ಆಪರೇಷನ್ ಇದೆ."

ಮುಂದಿನ ವಾರ! ನಾಳೆ ಬಾಕಿ ಬೀಳುತ್ತದೆ, ನಾಳೆಯೇ ಅವನು ಬಳಿದುಕೊಂಡು ಹೋಗುತ್ತಾನೆ. ಅತ್ತೆಯ ಕೆಳಗಿನ ದವಡೆ ಅವನ ಬೈಕಿನ ಪೆಟ್ರೋಲು ಟ್ಯಾಂಕಿನಲ್ಲಿ ಮುಳುಗುವುದು ನನ್ನ ಕಣ್ಣಿಗೆ ಕಟ್ಟಿತು.

ನಾನು ಗ್ಲೌಸು ಬಿಚ್ಚಿದೆ. ಎರಡನ್ನೂ ಡಾಕ್ಟರಮ್ಮನ ಮುಂದಿನ ಮೇಜಿನ ಮೇಲೆ ಇಟ್ಟೆ.

"ಇವು ವಾಪಸ್ ಕೊಡಬೇಕಂತೆ. ತಗೊಳ್ಳಿ," ಅಂದೆ. "ನಾನು ಈಗ ಬ್ಯಾಂಕಿಗೆ ಹೋಗ್ತೀನಿ. ನನ್ನ ನಂಬರ್ ನನ್ನ ಕೈಗೆ ಬರೋತನಕ ಒಂದು ಬೆಡ್‌ಶೀಟೂ ಮುಟ್ಟಲ್ಲ. ಕೊಳವೆ ಆರನೇ ಮಹಡಿವರೆಗೆ ತುಂಬ್ಕೊಳ್ಳಲಿ. ನಾಳೆ ಆಪರೇಷನ್ನಿಗೆ ಬ್ಯಾನರ್ ಹಾಸ್ಕೊಳ್ಳಿ."

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಒಬ್ಬಳೇ ನಡೆದು ಬಾಗಿಲವರೆಗೆ ಹೋದೆ. ಹಿಂದೆ ತಿರುಗಿ ನೋಡಬಾರದು ಅಂದುಕೊಂಡಿದ್ದೆ, ಯಾರೂ ಬರದಿದ್ದರೆ ಅಂತ. ಚಪ್ಪಲಿಗಳ ಪಚಪಚ ಸದ್ದು ಕೇಳಿಸಿತು. ಇಪ್ಪತ್ತೆರಡು ಜೊತೆ ಒದ್ದೆ ಚಪ್ಪಲಿ. ಗುಂಡಕ್ಕ ಹೋಗುವ ದಾರಿಯಲ್ಲಿ ಒಂದು ಮೆತ್ತೆ ಕುರ್ಚಿಯ ಮೇಲೆ ಬೇಕೆಂದೇ ಕೂತು, ಎದ್ದು, ಬಂದಳು.

ಲಿಫ್ಟಿನ ಹತ್ತಿರ ಬ್ಯಾಂಕ್ ಮ್ಯಾನೇಜರು ಓಡಿ ಬಂದು ನಮ್ಮ ಜೊತೆ ಸೇರಿಕೊಂಡರು. ಬ್ಯಾಂಕಿನ ಹೆಸರು ಕೆಡುತ್ತದೆ ಅಂತ ಹೆದರಿದ್ದರೋ, ನಮ್ಮನ್ನು ನೋಡಿ ನಿಜಕ್ಕೂ ಮರುಗಿದ್ದರೋ, ನನಗೆ ಅದು ಬೇಕಾಗಿರಲಿಲ್ಲ.

ಬ್ಯಾಂಕಿನಲ್ಲಿ ಅದೇ ಗಾರ್ಡು. ಅದೇ ಗುಮಾಸ್ತ. ಈಗ ಇಪ್ಪತ್ತೆರಡು ಜನರ ಕೆರೆ. ಬೆರಳು ಬರುವುದಿಲ್ಲ ಸಾರ್ ಅಂತ ಗುಮಾಸ್ತ ಗೊಣಗಿದ. ಮ್ಯಾನೇಜರು ಕಂಪ್ಯೂಟರಿನ ಮೇಲಿದ್ದ ಸಣ್ಣ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು. "ಬೆರಳು ಬರದಿದ್ರೆ ಮುಖ ತಗೊಳ್ಳಬಹುದಲ್ಲ. ನಿಯಮ ಯಾವತ್ತಿಂದಲೋ ಇದೆ."

"ಮುಖ ಸಾಕಾ?" ಅಂತ ಕೇಳಿದೆ.

"ಸಾಕಮ್ಮ. ಸ್ವಲ್ಪ ಇಲ್ಲಿ ನೋಡಿ."

ಹಸಿರು ದೀಪ ಹತ್ತಿತು. ಅಷ್ಟೇ. ಐದು ವರ್ಷದಿಂದ ನನಗೆ ಮುಖ ಇದೆ ಅಂತ ಒಬ್ಬನಿಗೂ ಹೊಳೆದಿರಲಿಲ್ಲ. ಮಂಗಳವಾರ ಈ ಗುಮಾಸ್ತ ಒಂದೇ ಒಂದು ಸಲ ಕಣ್ಣೆತ್ತಿದ್ದರೆ ಸಾಕಿತ್ತು. ನನಗೆ ಅಲ್ಲೇ ಅಳು ಬಂತು, ಕೋಪದ ಅಳು. ಅವನ ಔಷಧಿ ಬಟ್ಟೆಯನ್ನೇ ಎಳೆದುಕೊಂಡು ಮೂಗು ಒರೆಸಿಕೊಂಡು, ಅವನ ಮುಂದಿಟ್ಟೆ.

ಹಳೆಯ ಕಾರ್ಡುಗಳು ರದ್ದಾದವು, ಖಾತೆಗಳಲ್ಲಿ ನಮ್ಮ ನಮ್ಮ ಫೋನ್ ನಂಬರು ಕೂತವು. ಸಾಲಾಗಿ ನಿಂತು ಹೊಸ ಕಾರ್ಡು ತಗೊಂಡು, ಒಬ್ಬೊಬ್ಬರೇ ಹೊಸ ನಂಬರು ಒತ್ತಿದೆವು. ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯಿರಿ ಅಂದರು ಮ್ಯಾನೇಜರು. ಜೀವನದಲ್ಲಿ ಒಬ್ಬರಿಗೊಬ್ಬರು ಏನನ್ನೂ ಮುಚ್ಚಿಡದ ಹೆಂಗಸರು ನಾವು. ಯಾರ ಗಂಡ ಯಾರ ಮನೆಗೆ ಹೋದ ಅನ್ನುವುದೂ ಗೊತ್ತು, ಯಾರ ಗರ್ಭ ಯಾವಾಗ ಇಳಿಯಿತು ಅನ್ನುವುದೂ ಗೊತ್ತು. ಆವತ್ತು ಗುಂಡಕ್ಕ ಮೊದಲ ಸಲ ನನಗೆ ಬೆನ್ನು ತಿರುಗಿಸಿ ನಿಂತು ಒತ್ತಿದಳು. ಬೆನ್ನು ದೊಡ್ಡದು, ಏನೂ ಕಾಣಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಶುಕ್ರವಾರ ಹನ್ನೊಂದೂ ಕಾಲಿಗೆ ಲಾಂಡ್ರಿಯ ಶೆಲ್ಫಿನ ಮೇಲಿದ್ದ ಫೋನುಗಳು ಟಿಣ್ ಟಿಣ್ ಅಂತ ಒಂದಾದ ಮೇಲೊಂದು ಕೂಗಿದವು. ಯಾರೂ ಕೆಲಸ ಬಿಟ್ಟು ಏಳಲಿಲ್ಲ. ಎಲ್ಲರೂ ಎಣಿಸುತ್ತಿದ್ದೆವು. ಇಪ್ಪತ್ಮೂರು ಆದವು.

ಎಲ್ಲ ಸುಖಾಂತ ಅಂದುಕೊಳ್ಳಬೇಡಿ. ರಬ್ಬರ್‌ಬ್ಯಾಂಡನ್ನು ಯಾರೂ ಹಿಡಿದುಕೊಂಡು ಹೋಗಲಿಲ್ಲ. ಅವನನ್ನು ಬೇರೆ ಊರಿನ ಇನ್ನೊಂದು ಆಸ್ಪತ್ರೆಗೆ ವರ್ಗ ಮಾಡಿದರು. ಅಲ್ಲಿಯೂ ಲಾಂಡ್ರಿ ಇದೆ. ಐದು ವರ್ಷ ತಿಂದದ್ದರ ಬಗ್ಗೆ ವಿಚಾರಣೆ ನಡೆಯುತ್ತಿದೆಯಂತೆ, ನಮ್ಮ ಗ್ಲೌಸಿನ ಆರ್ಡರಿನ ಜೊತೆಜೊತೆಗೆ ನಡೆಯುತ್ತಿರಬೇಕು. ನನಗೆ ಶಿಸ್ತು ಮೀರಿದ್ದಕ್ಕೆ ಹತ್ತು ದಿನದ ಸಂಬಳ ಕಟ್. ವಿಡಿಯೋ ಕೂಡ ಬಂತು. ಮಾತುಗಳನ್ನೆಲ್ಲ ಕತ್ತರಿಸಿ ಬರೀ ನನ್ನ ಕೈ ಉಳಿಸಿದ್ದಾರೆ, ಕೆಳಗೆ 'ಎಚ್ಚರವಿರಲಿ' ಅಂತ ಅಕ್ಷರ. ಆಸ್ಪತ್ರೆಯ ಮುಂಬಾಗಿಲಿನ ಟಿವಿಯಲ್ಲಿ ದಿನವಿಡೀ ಓಡುತ್ತದೆ. ಆ ಕೈ ನೋಡಿ ಎಚ್ಚರವಿರಬೇಕಾದವರು ಯಾರು ಅಂತ ಅದರಲ್ಲಿ ಹೇಳಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅತ್ತೆಗೆ ಹಲ್ಲು ಬಂತು. ಮೇಲೆ, ಕೆಳಗೆ, ಪೂರ್ತಿ ಸೆಟ್ಟು. ಕನ್ನಡಿಯ ಮುಂದೆ ಕೂತು ಅರ್ಧ ದಿನ ಕಟಕಟ ಮಾಡಿದಳು. ಆಮೇಲೆ ಒಂದು ಸೇಬು ಕಚ್ಚಿ, ಅಗಿದು, ನುಂಗಿ, ಏನೂ ಮಾತಾಡದೆ ಇನ್ನೊಂದು ಕೇಳಿದಳು. ಎರಡನೆಯದು ಮುಗಿಸಿ, "ನಂಬರೇನು ಇಟ್ಟೆ?" ಅಂದಳು. ಹೇಳಲ್ಲ ಅಂದೆ. "ನನಗೂ?" ನಿನಗೂ ಅಂದೆ. ಎರಡು ದಿನ ಮುನಿಸಿಕೊಂಡಳು, ಹೊಸ ಹಲ್ಲಿದ್ದರೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಆ ಭಾನುವಾರ ಬೆಳಗ್ಗೆ ಫೋನು ಬಂತು.

"ಅಮ್ಮಾ, ನಾನು. ತಿಂಡಿ ಆಯ್ತಾ?"

ದನಿ ಗುರುತು ಸಿಕ್ಕಿತು. ನಿಜಕ್ಕೂ ಸಂತೋಷವಾಯಿತು. ಎಲ್ಲ ಹೇಳಿದೆ. ನಾಟಕ, ಕನ್ನಡಕ, ಬ್ಯಾನರು, ಎಲ್ಲ. ಅವನು ಬಿದ್ದು ಬಿದ್ದು ನಕ್ಕ. "ಭೇಷ್ ಅಮ್ಮಾ! ನೀವು ಸಾಮಾನ್ಯರಲ್ಲ," ಅಂದ. "ಹೊಸ ನಂಬರ್ ಗಟ್ಟಿಯಾಗಿದೆ ತಾನೇ? ಹುಟ್ಟಿದ ವರ್ಷ, ಮನೆ ನಂಬರು ಅಂಥದ್ದೇನೂ ಇಟ್ಟಿಲ್ಲ ಅಲ್ವಾ? ಒಂದ್ಸಲ ಹೇಳಿ, ನೋಡ್ತೀನಿ. ಎಷ್ಟೆಂದ್ರೂ ನಾನು ಈ ಕಸುಬಿನೋನು."

ಸುಳ್ಳು ಹೇಳುವುದಿಲ್ಲ. ನಂಬರು ನಾಲಿಗೆಯ ತುದಿಗೆ ಬಂದಿತ್ತು. ನನ್ನ ದುಡ್ಡು ಹೋಯಿತು ಅಂತ ಈ ಊರಿನಲ್ಲಿ ನನ್ನ ಪರವಾಗಿ ಮೊದಲು ಸಿಟ್ಟಾದವನು ಅವನು. ಅತ್ತೆ ಮಂಚದ ಮೇಲಿಂದ 'ಯಾರೇ ಅದು?' ಅಂತ ಕಣ್ಣಲ್ಲೇ ಕೇಳುತ್ತಿದ್ದಳು. ಎರಡು ದಿನ ಮುನಿಸಿಕೊಂಡವಳಿಗೇ ಹೇಳಿಲ್ಲ.

"ಯಾರಿಗೂ ಹೇಳಬಾರದು," ಅಂದೆ. "ಯಾರಿಗೂ ಅಂದ್ರೆ ಯಾರಿಗೂ. ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

"ಅದು ಬೇರೆಯವರಿಗೆ ಅಮ್ಮಾ. ನಾನು ನಿಮ್ಮ ಮಗ ಇದ್ದ ಹಾಗೆ."

"ಮಗನಿಗೂ ಇಲ್ಲಪ್ಪ."

"ಏಯ್," ಅಂದ. "ನಿನಗೆ ದಾರಿ ತೋರಿಸಿದ್ದು ಯಾರೇ? ನಾನಿಲ್ಲದಿದ್ರೆ ನಿನ್ನನ್ನ ಅವನು ಮುಕ್ಕಿ ಬಿಡ್ತಿದ್ದ, ಗೊತ್ತಾ?"

ಈ ಮಾತನ್ನು ನಾನು ಮೊದಲು ಕೇಳಿದ್ದೆ. ಮೆಟ್ಟಿಲ ಮೇಲೆ ನಿಂತು ಇನ್ನೊಬ್ಬ ಹೇಳಿದ್ದ. ಏನಾದರೂ ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಮಂಚದಿಂದ ಎದ್ದು ಬಂದು ಫೋನು ಕಿತ್ತುಕೊಂಡಳು. ಅದನ್ನು ಬಾಯಿಯ ಹತ್ತಿರ ಹಿಡಿದು, ಮೇಲೆ ಹದಿನಾಲ್ಕು ಕೆಳಗೆ ಹದಿನಾಲ್ಕು ಹೊಸ ಹಲ್ಲನ್ನು ಕಟಕಟ ಕಡಿದಳು.

"ಕೇಳಿಸ್ತೇನೋ?" ಅಂದಳು. "ಇದು ಅವಳ ದುಡ್ಡು. ಬಾ, ಮುಟ್ಟಿ ನೋಡು."